ಹಬೆ ನಿಂತಿತ್ತು

ನಮ್ಮೂರ ಕೊಳ್ಳವನ್ನು ಮಾತು ದಾಟುವುದಿಲ್ಲ. ಈಚೆದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ಹಲಗೆ ಬಡಿಯಿರಿ, ಬೇಕಾದರೆ ಸಿಡಿಮದ್ದು ಹಚ್ಚಿ. ಆಚೆದಂಡೆಯವರು ಹಲ್ಲು ಉಜ್ಜುತ್ತಾ ನಿಮ್ಮ ಕಡೆ ನೋಡಿಕೊಂಡು ನಿಂತಿರುತ್ತಾರೆ, ಅಷ್ಟೇ. ಹಿಂದೆ ತಂತಿ ಎಳೆದು ಟೆಲಿಫೋನ್ ಇಟ್ಟರು, ಆಮೇಲೆ ಮೊಬೈಲೂ ಬಂತು. ಕೊಳ್ಳದ ಅಂಚಿಗೆ ಬಂದ ಕೂಡಲೇ ಮಾತು ಮಾಯ. ಹೊರಗಿನಿಂದ ಬಂದವರು ಇದನ್ನು ಕಂಡು ಹೌಹಾರುತ್ತಾರೆ. ನಮಗೆ ಅದೇನೂ ದೊಡ್ಡದಲ್ಲ. ಮಾತು ದಾಟದಿದ್ದರೂ ಚಿತ್ರ ದಾಟುತ್ತದೆ. ಹಿಟ್ಟಿನ ಗಿರಣಿಯಲ್ಲಿ, ದವಾಖಾನೆಯಲ್ಲಿ, ಬಟ್ಟೆ ಅಂಗಡಿಯಲ್ಲಿ, ಎರಡೂ ದಂಡೆಯಲ್ಲಿ ಒಂದೊಂದು ಕಂಪ್ಯೂಟರು, ಒಂದೊಂದು ಕ್ಯಾಮೆರಾ. ಜನ ಪರದೆಯ ಮುಂದೆ ನಿಂತು ಕೈಯಲ್ಲೇ ಮಾತಾಡುತ್ತಾರೆ. ಜಗಳ ಆಡುತ್ತಾರೆ, ಹೆಣ್ಣು ಕೇಳುತ್ತಾರೆ, ಸತ್ತವರ ಸುದ್ದಿ ಹೇಳುತ್ತಾರೆ. ನಮ್ಮೂರ ಕೂಸುಗಳು ಅವ್ವಾ ಅನ್ನುವುದಕ್ಕಿಂತ ಮುಂಚೆ ಕೈ ತಿರುಗಿಸಿ ಹಾಲು ಕೇಳುತ್ತವೆ.

ನಾನು ಕಾಶವ್ವ. ಈಚೆದಂಡೆಯ ಹಗ್ಗದ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹಿಡಿಕೆ ಎಳೆಯುತ್ತಿದ್ದೇನೆ. ಕೊಳ್ಳದ ಮೇಲೆ ಉಕ್ಕಿನ ಹಗ್ಗ ಕಟ್ಟಿದೆ, ಹಗ್ಗಕ್ಕೆ ಕಬ್ಬಿಣದ ತೊಟ್ಟಿಲು ತೂಗುಬಿಟ್ಟಿದೆ, ಎಂಟು ಜನ ನಿಲ್ಲಬಹುದು. ದಾಟುವುದಕ್ಕೆ ಬೇರೆ ದಾರಿ ಇಲ್ಲ. ಮೋಟಾರು ಮತ್ತು ಹಿಡಿಕೆ ನನ್ನ ಕಡೆ. ಆಚೆ ಕಡೆ ತೊಟ್ಟಿಲಿಗೆ ಕೊಂಡಿ ಹಾಕುವುದು, ಜನರನ್ನು ಹತ್ತಿಸಿ ಇಳಿಸುವುದು ಹುಸೇನಬಿಯ ಕೆಲಸ. ಕೊಳ್ಳದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಮಂಜು ಕೂತಿರುವುದರಿಂದ ಆಚೆಯ ಕಟ್ಟೆ ಬರಿಗಣ್ಣಿಗೆ ಕಾಣುವುದಿಲ್ಲ. ನನ್ನ ಎದುರಿನ ಪರದೆಯಲ್ಲಿ ಅವಳು ಕಾಣುತ್ತಾಳೆ, ಅವಳ ಪರದೆಯಲ್ಲಿ ನಾನು. ಅವಳು ಅಂಗೈ ಎತ್ತಿ ಅಲುಗಾಡಿಸದೆ ಹಿಡಿದರೆ "ಬಿಡು" ಎಂದು ಅರ್ಥ. ಅಂಗೈ ಎತ್ತಿ ಆಚೆ ಈಚೆ ಆಡಿಸಿದರೆ "ತಡಿ". ಹಗ್ಗ ಕಟ್ಟಿದ ಹಿರಿಯರು ಹಾಗೆ ಗೊತ್ತುಮಾಡಿದ್ದು, ನಾವೂ ಹಾಗೇ ನಡೆಸಿಕೊಂಡು ಬಂದೆವು.

ಇನ್ನೊಂದು ಹೇಳಬೇಕು. ಇಡೀ ಊರಿನಲ್ಲಿ ಒಬ್ಬರನ್ನೊಬ್ಬರು ಭೇಟಿಯಾಗಲು ಆಗದವರು ಇಬ್ಬರೇ, ನಾನು ಮತ್ತು ಹುಸೇನಬಿ. ತೊಟ್ಟಿಲು ಓಡುವಾಗ ಇಬ್ಬರೂ ನಮ್ಮ ನಮ್ಮ ಜಾಗದಲ್ಲಿರಬೇಕು. ನಾವು ಎದ್ದ ಮೇಲೆ ತೊಟ್ಟಿಲೇ ಓಡುವುದಿಲ್ಲ. ಒಂದು ದಿನಕ್ಕೆ ಬದಲಿ ಕೊಡಿ ಎಂದು, ಊರಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಅಪ್‌ಡೇಟ್ ಕಚೇರಿಗೆ ನಾಲ್ಕು ಸಲ ಅರ್ಜಿ ಹಾಕಿದೆವು, ಏಕೆಂದರೆ ಹಗ್ಗದ ಮನೆ ಅವರ ಕೈಕೆಳಗೇ ಬರುತ್ತದೆ. ಉತ್ತರ ಇಲ್ಲ. ನಮ್ಮೂರಿನಲ್ಲಿ ಕಚೇರಿಯವರು ಸುಮ್ಮನಿದ್ದರೆ ಇಲ್ಲ ಎಂದು ಅರ್ಥ, ನಾವು ಸುಮ್ಮನಿದ್ದರೆ ಹೂಂ ಎಂದು ಅರ್ಥ. ಹಾಗಾಗಿ ಅವಳ ಮೂಗುತಿಯ ಹರಳು ಯಾವ ಬಣ್ಣ, ಯಾವ ಕೈಬೆರಳು ಚಳಿಗೆ ಸೆಟೆಯುತ್ತದೆ ಎಲ್ಲ ನನಗೆ ಗೊತ್ತು. ಅವಳ ದನಿ ಮಾತ್ರ ಗೊತ್ತಿಲ್ಲ.

ಪ್ರತಿ ಸೋಮವಾರ ಬೆಳಗ್ಗೆ ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದೆ. ಹೊಸದು ಬಂದಿದೆ, ಹಾಕಲೇ? ಪಕ್ಕದಲ್ಲಿ ದೊಡ್ಡಕ್ಷರದ ವೈ, ಒಂದು ಗೆರೆ, ಸಣ್ಣಕ್ಷರದ ಎನ್. ವೈ ಅಂದರೆ ಹೂಂ, ಎನ್ ಅಂದರೆ ಒಲ್ಲೆ. ಸುಮ್ಮನೆ ಎಂಟರ್ ಒತ್ತಿದರೂ ಹೂಂ. ಏನೂ ಒತ್ತದೆ ಕೂತರೆ ನೂರರಿಂದ ಕೆಳಗೆ ಎಣಿಸಿ ತಾನೇ ಹೂಂ ಅಂದುಕೊಳ್ಳುತ್ತದೆ. ಕೇಳದೆ ಹಾಕಬಾರದು ಎನ್ನುವುದು ಕಚೇರಿಯವರದೇ ನಿಯಮ, ಆದರೆ ಒಲ್ಲೆ ಅಂದವರು ಯಾರೂ ಇರಲಿಲ್ಲ. ನನ್ನ ಕೀಲಿಮಣೆಯಲ್ಲಿ ಎಂಟರ್ ಗುಂಡಿ ಒಂದೇ ಸವೆದು ನುಣುಪಾಗಿತ್ತು, ಮಿಕ್ಕ ಗುಂಡಿಗಳ ಮೇಲೆ ಧೂಳು. ಆ ಸೋಮವಾರವೂ ಒತ್ತಿದೆ. ಏನು ಬಂತು, ಏನು ಹೋಯಿತು ಎಂದು ಕೇಳುವ ಬುದ್ಧಿ ನನಗೆಲ್ಲಿ ಬರಬೇಕು?

ಮಂಗಳವಾರ ಬೆಳಗ್ಗೆ ಅಂಚೆಯ ವಿರೂಪಣ್ಣ ಆಚೆದಂಡೆಯಿಂದ ಬರುವವನಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಕೊಡೆ. ಪರದೆಯಲ್ಲಿ ಹುಸೇನಬಿ ಅಂಗೈ ಎತ್ತಿದಳು. ಅಲುಗಲಿಲ್ಲ. ನಾನು ಮನಸ್ಸಿನಲ್ಲೇ ಮೂರು ಎಣಿಸಿ ಹಿಡಿಕೆ ಎಳೆದೆ. ಆಮೇಲೆ ಪರದೆ ಒಮ್ಮೆ ನಡುಗಿ ಚೌಕ ಚೌಕವಾಗಿ ಒಡೆದು ಕೂಡಿಕೊಂಡಿತು. ನೋಡಿದರೆ ವಿರೂಪಣ್ಣ ಕಟ್ಟೆಯ ಮೇಲೆ ಬಿದ್ದಿದ್ದಾನೆ, ಕಾಗದಗಳೆಲ್ಲ ಚೆಲ್ಲಾಪಿಲ್ಲಿ, ಹುಸೇನಬಿ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡಿದ್ದಾಳೆ. ಅವನ ಒಂದು ಕಾಲು ತೊಟ್ಟಿಲೊಳಗೆ, ಒಂದು ಕಾಲು ಹೊರಗೆ ಇದ್ದಾಗಲೇ ನಾನು ಎಳೆದಿದ್ದೆ. ಹಿಮ್ಮಡಿಯ ಎಲುಬು ಮುರಿದಿತ್ತು. ಇನ್ನೊಂದು ಗೇಣು ಎಳೆದಿದ್ದರೆ ಕೊಳ್ಳಕ್ಕೇ ಹೋಗುತ್ತಿದ್ದ.

ಮಧ್ಯಾಹ್ನಕ್ಕೆ ಅಪ್‌ಡೇಟ್ ಕಚೇರಿಯ ಇನಾಮದಾರ ಸಾಹೇಬರು ಹಗ್ಗದ ಮನೆಯಲ್ಲೇ ವಿಚಾರಣೆಗೆ ಕೂತರು. ಮನೆ ಆಚೆದಂಡೆಯಲ್ಲಿ, ಕಚೇರಿ ಈಚೆದಂಡೆಯಲ್ಲಿ, ಹಾಗಾಗಿ ದಿನಾ ಎರಡು ಸಲ ನಮ್ಮ ತೊಟ್ಟಿಲು ಹತ್ತುವ ಮನುಷ್ಯ. ಕೆಟ್ಟವರೇನಲ್ಲ, ದಿನಾ ನಮಸ್ಕಾರ ಮಾಡುತ್ತಾರೆ. ಆದರೆ ಕಾಗದದಲ್ಲಿ ಬರೆದದ್ದು ಬಿಟ್ಟು ಜಗತ್ತಿನಲ್ಲಿ ಇನ್ನೇನೂ ಇಲ್ಲ ಎಂದು ನಂಬಿದವರು. ಪರದೆಯಲ್ಲಿ ಕಂಡದ್ದೆಲ್ಲ ನನ್ನ ಯಂತ್ರದಲ್ಲೇ ದಾಖಲಾಗಿ ಉಳಿಯುತ್ತದೆ. ಅದನ್ನು ಹಾಕಿಸಿ ನೋಡಿದರು. ಆರು ಸೆಕೆಂಡು ಹುಸೇನಬಿಯ ಅಂಗೈ ಕಲ್ಲಿನ ಹಾಗೆ ನಿಂತಿದೆ. ಆಚೆಯಿಂದ ಹುಸೇನಬಿ ತಾನು ತಡಿ ಎಂದೇ ಹೇಳಿದ್ದು, ಕೈ ನೋಯುವಷ್ಟು ಆಡಿಸಿದ್ದು ಎಂದು ಮತ್ತೆ ಮತ್ತೆ ತೋರಿಸಿದಳು. ಸಾಹೇಬರು ನನ್ನ ಕಡೆ ತಿರುಗಿ ನಿನಗೇನು ಕಂಡಿತು ಎಂದು ಕೇಳಿದರು. ಕಂಡದ್ದನ್ನೇ ಹೇಳಬೇಕಲ್ಲ. ಹುಸೇನಬಿಗೂ ತಿಳಿಯಲಿ ಎಂದು ಕೈಯೆತ್ತಿ, ಅಲುಗಾಡಿಸದೆ, ಬಿಡು ಎಂದು ತೋರಿಸಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸ್ಟೂಲು ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂತಳು.

ತೀರ್ಪು ಬರುವ ಸೋಮವಾರಕ್ಕೆ ಎಂದರು. ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹುಸೇನಬಿಯ ಕೈಯನ್ನು ಸುಳ್ಳುಗೈ ಎಂದು ಬರೆಯುತ್ತಾರೆ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೆಲಸ ಹೋಗುವುದು ಇರಲಿ, ಸುಳ್ಳುಗೈಯವರು ಯಾವ ಪರದೆಯ ಮುಂದೆ ನಿಂತು ಕೈ ಎತ್ತಿದರೂ ಎದುರಿನವರು ಬೆನ್ನು ತಿರುಗಿಸಬೇಕು. ಎದುರುಬದುರು ನಿಂತು ಮಾತಾಡುವಾಗಲೂ ಅವರು ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು. ಹಿಂದೆ ಒಬ್ಬ ನೇಕಾರನಿಗೆ ಹಾಗಾಗಿತ್ತು. ಅವನ ಮದುವೆಯಾದ ಮಗಳು ಆಚೆದಂಡೆಯಲ್ಲಿದ್ದಳು. ಅಪ್ಪ ಪರದೆಗೆ ಬಂದಾಗ ಅವಳು ಬೆನ್ನು ತಿರುಗಿಸಿ ಅಳುತ್ತಾ ನಿಲ್ಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬುಧವಾರ ಬೆಳಗ್ಗೆ ಕಚೇರಿಯ ಜವಾನ ಬಂದು, ದಾಖಲೆ ನೋಡಿದ್ದೇನೆ, ಸರಿಯಿದೆ ಎಂದು ಸಹಿ ಹಾಕಬೇಕು ಎಂದ. ನೋಡದೆ ಸಹಿ ಹಾಕುವುದಿಲ್ಲ ಎಂದು ಇನ್ನೊಮ್ಮೆ ಹಾಕಿಸಿದೆ. ಹುಸೇನಬಿಗೆ ಚಹಾ ಕುಡಿಯುವ ಹುಚ್ಚು. ಅವಳ ಹಿಂದಿನ ಗೂಡಿನಲ್ಲಿ ಹಿತ್ತಾಳೆಯ ಲೋಟ ಯಾವಾಗಲೂ ಇರುತ್ತದೆ, ಅದರಿಂದ ಯಾವಾಗಲೂ ಹಬೆ ಏಳುತ್ತಿರುತ್ತದೆ. ಹತ್ತೊಂಬತ್ತು ವರ್ಷದಿಂದ ಅವಳ ಮುಖದಷ್ಟೇ ಅದನ್ನೂ ನೋಡಿದ್ದೇನೆ. ಈಗ ಅಂಗೈ ನೋಡುತ್ತಾ ನೋಡುತ್ತಾ ನನ್ನ ಕಣ್ಣು ಅದರ ಮೇಲೆ ಹೋಯಿತು. ಲೋಟದ ಮೇಲೆ ಹಬೆ ಬಿಳಿ ಎಳೆಯಾಗಿ ಎದ್ದು, ತುದಿಯಲ್ಲಿ ಒಂದು ಕೊಂಡಿಯಾಗಿ ತಿರುಗಿ, ಹಾಗೇ ನಿಂತಿತ್ತು. ಆರು ಸೆಕೆಂಡು. ಲೋಕದಲ್ಲಿ ಎಲ್ಲಾದರೂ ಹಬೆ ನಿಲ್ಲುತ್ತದೆಯೇ? ನಿಂತದ್ದು ಅವಳ ಕೈ ಅಲ್ಲ, ಚಿತ್ರ. ಆಡಿಸುವ ಮುಂಚಿನ ಅಂಗೈಯನ್ನು ನನಗೆ ತೋರಿಸಿ ಆ ಯಂತ್ರ ಸುಮ್ಮನೆ ಕೂತಿತ್ತು, ನಾನು ನನ್ನ ಗೆಳತಿಯ ವಿರುದ್ಧ ಸಾಕ್ಷಿ ಹೇಳಿದ್ದೆ.

ಸಹಿ ಹಾಕಲಿಲ್ಲ. ಜವಾನನನ್ನು ಕಳಿಸಿ, ಪರದೆಯ ಮುಂದೆ ನಿಂತು ಎರಡೂ ಕಿವಿ ಹಿಡಿದುಕೊಂಡೆ. ಹುಸೇನಬಿ ಬೆನ್ನು ಹಾಕಿ ಕೂತವಳು, ತೊಟ್ಟಿಲಿನ ಕೆಲಸಕ್ಕಷ್ಟೇ ತಿರುಗುತ್ತಿದ್ದಳು, ಆಗಲೂ ನನ್ನ ಮುಖ ನೋಡುತ್ತಿರಲಿಲ್ಲ. ಕೂಗಿ ಕರೆಯುವ ಹಾಗಿಲ್ಲವಲ್ಲ. ಕಿವಿ ಹಿಡಿದುಕೊಂಡೇ ನಿಂತೆ. ನನ್ನ ಕಡೆಯ ಜನ ನೋಡಿ ನಗಲಿ, ನನಗೇನು? ಕೊನೆಗೆ ಆಚೆ ಕಟ್ಟೆಯಲ್ಲಿ ಕಾಯುತ್ತಿದ್ದ ಮೊಸರಿನ ಮುದುಕಿ ಯಾರೋ ಅವಳ ಭುಜ ತಟ್ಟಿ ಪರದೆ ತೋರಿಸಿದಳು. ಹುಸೇನಬಿ ತಿರುಗಿದಳು. ಹಬೆಯ ಕಥೆಯನ್ನು ನಾನು ಕೈಯಲ್ಲಿ ಹೇಳಿದೆ, ಲೋಟ, ಬೆರಳು ಸುರುಳಿ, ನಿಂತದ್ದು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಕಿವಿ ಬಿಡು, ಹರಿದು ಬಂದೀತು, ನಿನಗಿರುವುದು ಎರಡೇ ಎಂದು ತೋರಿಸಿದಳು. ನಾನು ಅಲ್ಲೇ ಕೂತು ಅತ್ತೆ.

ಟಿವಿ ರೇಡಿಯೋ ರಿಪೇರಿಯ ರಾಚಯ್ಯನನ್ನು ಕರೆಸಿದೆ. ಊರಿನ ಯಂತ್ರಗಳ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದವನು ಅವನೊಬ್ಬ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿಸಿ ನೋಡಿ, "ಕಾಶಕ್ಕಾ, ಡ್ರೈವರ್ ಬದಲಾಗ್ಯಾನ" ಅಂದ.

ಯಾವ ಡ್ರೈವರೋ, ಈ ತೊಟ್ಟಿಲಿಗೆ ಇಷ್ಟು ವರ್ಷ ಡ್ರೈವರ್ ನಾನೇ ಅಲ್ಲವೇನೋ ಎಂದು ರೇಗಿದೆ. ಅವನು ನಕ್ಕು ಬಿಡಿಸಿ ಹೇಳಿದ. ಇದು ಲಿನಕ್ಸ್ ಎನ್ನುವ ವ್ಯವಸ್ಥೆಯ ಮೇಲೆ ಓಡುವ ಯಂತ್ರ. ಒಳಗೆ ಗ್ರಾಫಿಕ್ಸ್ ಕಾರ್ಡು ಎಂದು ಒಂದು ಇದೆ. ಆಚೆಯಿಂದ ವಿಡಿಯೋ ಗಂಟು ಕಟ್ಟಿಕೊಂಡು ಬರುತ್ತದೆ, ಆ ಗಂಟು ಬಿಚ್ಚಿ ಪರದೆಗೆ ಹರಡುವ ಕೆಲಸ ಕಾರ್ಡಿನದು. ಅದಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವವನೇ ಡ್ರೈವರ್. ಸೋಮವಾರ ಬಂದ ಹೊಸ ಡ್ರೈವರಿಗೆ ನಮ್ಮ ಹಳೇ ಕಾರ್ಡಿನ ಗುರುತೇ ಇಲ್ಲ. ಕಾರ್ಡು ಕೈಕಟ್ಟಿ ಕೂತಿದೆ, ಭಾರವೆಲ್ಲ ಯಂತ್ರದ ಮಿದುಳಾದ ಪ್ರೊಸೆಸರ್ ಮೇಲೆ ಬಿದ್ದಿದೆ. ಅದು ಏದುಸಿರು ಬಿಡುತ್ತಾ ಬಿಚ್ಚುತ್ತದೆ, ಆಗದಿದ್ದರೆ ನಿಂತುಬಿಡುತ್ತದೆ. "ಚಿತ್ರ ನಿಂತಿದ್ದು ನಿನಗ ಗೊತ್ತಾಗೂದಿಲ್ಲ. ಗೆರಿ ಇಲ್ಲ, ಗುರುತಿಲ್ಲ. ಅದ ನೋಡು ಮೋಸ" ಅಂದ. ಆಮೇಲೆ ಹಳೇ ಡ್ರೈವರನ್ನು ಹುಡುಕಿ ತಂದು ಕೂರಿಸಿದ. ಹುಸೇನಬಿ ಕೈ ಆಡಿಸಿದಳು, ಹಿಂದೆ ಹಬೆ ತೇಲಿ ಹೋಯಿತು. ಇನ್ನು ಮುಂದೆ ಪ್ರಶ್ನೆ ಬಂದಾಗ ಎನ್ ಒತ್ತು, ಮರೆಯಬೇಡ ಎಂದು ಹೇಳಿ ಬೀಡಿ ಹಚ್ಚಿಕೊಂಡು ಹೋದ.

ಗುರುವಾರ ಬೆಳಗ್ಗೆ ಇನಾಮದಾರ ಸಾಹೇಬರು ತೊಟ್ಟಿಲು ಇಳಿದ ಕೂಡಲೇ ಅವರ ಮುಂದೆ ಹೋಗಿ ಹಬೆ ನಿಂತಿತ್ತು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಹಬೆಯ ಮೇಲೆ ತೀರ್ಪು ಬರೆಯಲು ಬರುವುದಿಲ್ಲ, ನಿಯಮದಲ್ಲಿ ಚಿತ್ರ ಎಂದಿದೆ, ಹಬೆ ಎಂದಿಲ್ಲ ಎಂದರು. ಹೊಸ ಡ್ರೈವರ್ ತಮ್ಮ ಕಚೇರಿಯ ಯಂತ್ರದಲ್ಲಿ ಬೆಣ್ಣೆಯ ಹಾಗೆ ನಡೆಯುತ್ತಿದೆ ಎಂದರು. ನಿಮ್ಮದು ಹೊಸ ಯಂತ್ರ ಸಾಹೇಬರೇ ಎಂದೆ. ಹಾಗಾದರೆ ತಡಿ ಎನ್ನುವ ಗುರುತನ್ನೇ ಬದಲಾಯಿಸಿ, ಕೈ ಆಡಿಸುವ ಬದಲು ಮುಷ್ಟಿ ಹಿಡಿಯಿರಿ ಎಂದರು. ನಿಂತ ಚಿತ್ರ ಮುಷ್ಟಿಯ ಮುಂಚಿನ ಅಂಗೈಯನ್ನೇ ತೋರಿಸುತ್ತದೆ, ಕೈ ಬದಲಾಯಿಸಿದರೆ ಕಣ್ಣು ಬರುತ್ತದೇನು ಎಂದು ತಡೆಯಲಾರದೆ ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ. ಅವರು ನನ್ನ ಯಂತ್ರದಲ್ಲಿ ಹಳೆಯದು ಕೂತಿರುವುದನ್ನು ತಿಳಿದು ಮುಖ ಗಂಟಿಕ್ಕಿದರು. ವಾರಕ್ಕೊಮ್ಮೆ ಬರುತ್ತಿದ್ದ ಪ್ರಶ್ನೆ ಮಧ್ಯಾಹ್ನದಿಂದ ಕಾಲು ಗಂಟೆಗೊಮ್ಮೆ ಬರಲು ಹತ್ತಿತು.

ಮೊದಲ ಸಲ ಎನ್ ಒತ್ತುವ ಮುಂಚೆ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. ನನ್ನ ಐವತ್ತೆರಡು ವರ್ಷದ ಬದುಕಿನಲ್ಲಿ ಕಚೇರಿಗೆ ನಾನು ಒಲ್ಲೆ ಅಂದದ್ದು ಅದೇ ಮೊದಲು. ಯಂತ್ರವೂ ದಂಗಾಯಿತೋ ಏನೋ, ಹಿಂದೆ ಯಾರೂ ಕಾಣದ ಇನ್ನೊಂದು ಪ್ರಶ್ನೆ ಕೇಳಿತು. ಹೆಸರು? ಕಾರಣ? ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಬರೆದೆ. ಕಾಶವ್ವ. ಹಬೆ ನಿಂತಿತ್ತು.

ಆದರೆ ಸಾಹೇಬರ ಲೆಕ್ಕಾಚಾರ ಚೆನ್ನಾಗಿತ್ತು. ತೊಟ್ಟಿಲು ಕೊಳ್ಳದ ನಡುವೆ ಇರುವಾಗ ನನ್ನ ಎರಡೂ ಕೈ ಹಿಡಿಕೆಯ ಮೇಲಿರಬೇಕು, ಬಿಟ್ಟರೆ ತೊಟ್ಟಿಲು ಜಾರುತ್ತದೆ. ಅಂದು ಸಂಜೆಯೇ ಹಾಗಾಯಿತು. ವಿರೂಪಣ್ಣನನ್ನು ಆಚೆ ದವಾಖಾನೆಯಿಂದ ಕರೆತಂದು ಇಳಿಸಿದ್ದರು, ಕಾಲಿಗೆ ಪ್ಲಾಸ್ಟರು, ಕಂಕುಳಲ್ಲಿ ಕೋಲು. ತೊಟ್ಟಿಲು ಆರು ಹೆಂಗಸರನ್ನು ತುಂಬಿಕೊಂಡು ತಿರುಗಿ ಹೊರಟಿತ್ತು. ಆಗ ಪ್ರಶ್ನೆ ಬಂತು. ತೊಂಬತ್ತು, ಎಂಬತ್ತು ಎಂದು ಇಳಿಯತೊಡಗಿತು. ನನ್ನ ಕೈ ಹಿಡಿಕೆಯಲ್ಲಿ. ಹಗ್ಗದ ಮನೆಯಲ್ಲಿ ಇದ್ದವನು ವಿರೂಪಣ್ಣ ಒಬ್ಬನೇ, ನನ್ನ ಕೈಯಿಂದ ಕಾಲು ಮುರಿಸಿಕೊಂಡ ಮನುಷ್ಯ. ಬಂದಾಗಿನಿಂದ ನನ್ನ ಮುಖ ನೋಡದೆ ಬೆಂಚಿನ ಮೇಲೆ ಕೂತಿದ್ದ. ಅವನನ್ನು ಕೇಳುವ ಮುಖ ನನಗೆಲ್ಲಿದೆ? ಮೂವತ್ತಕ್ಕೆ ಬಂದಾಗ ನಾಚಿಕೆ ಬಿಟ್ಟು ಎಲ್ಲ ಹೇಳಿದೆ, ಹಬೆ, ಡ್ರೈವರು, ಹುಸೇನಬಿ ತಡಿ ಎಂದೇ ಹೇಳಿದ್ದು. ಅವನು ಕೋಲು ಊರಿಕೊಂಡು ಎದ್ದ. ಏಳು, ಆರು ಎಂದು ಇಳಿಯುತ್ತಿತ್ತು.

"ಯಾವ ಗುಂಡಿ?" ಅಂದ.

ತೋರಿಸಿದೆ. ಒತ್ತಿದ. ಕಾರಣ ಕೇಳಿದಾಗ ಒಂದೇ ಶಬ್ದ ಬರೆದ. ಹಿಮ್ಮಡಿ. ಆಮೇಲೆ ನನ್ನ ಕಡೆ ನೋಡಿ, ಆಕಿ ಕೈ ಆಡಿಸಿದ್ದನ್ನ ನಾನ ಕಂಡಿದ್ದೆ ಕಾಶವ್ವಾ, ನೀ ಯಾಕ ಎಳದಿ ಅಂತ ಮೂರು ದಿನ ನಿನ್ನ ಬೈಕೊಂತ ಮಲಗಿದ್ದೆ ಅಂದ. ಸಾಹೇಬರು ಅವನನ್ನು ಕೇಳಿಯೇ ಇರಲಿಲ್ಲ. ಚಿತ್ರ ಇದ್ದಾಗ ಬಿದ್ದವನನ್ನು ಕೇಳಬೇಕು ಎಂದು ನಿಯಮದಲ್ಲಿ ಇಲ್ಲವಂತೆ.

ಮಾರನೆಯ ದಿನದಿಂದ ವಿರೂಪಣ್ಣ ಪ್ಲಾಸ್ಟರ್ ಕಾಲನ್ನು ಇನ್ನೊಂದು ಬೆಂಚಿನ ಮೇಲೆ ಚಾಚಿ ಹಗ್ಗದ ಮನೆಯಲ್ಲೇ ಠಿಕಾಣಿ ಹೂಡಿದ. ದಾಟಲು ಬಂದವರಿಗೆಲ್ಲ ತಾನು ಬಿದ್ದ ಕಥೆ ಹೇಳುವುದು, ಕೊನೆಗೆ ಕೀಲಿಮಣೆ ತೋರಿಸುವುದು. ಜನ ಮೊದಮೊದಲು ಹಿಂದೆ ಸರಿದರು. ಹೆಸರು ಬರೆಯಬೇಕಲ್ಲ, ಕಚೇರಿಯ ಕಣ್ಣಿಗೆ ಬಿದ್ದಂತಾಯಿತಲ್ಲ ಎಂದು ಅಂಜಿಕೆ. ಗಿರಣಿಯ ನೀಲವ್ವ ಮಾತ್ರ ಸೀದಾ ಬಂದು ಒತ್ತಿ, ಸೊಸಿ ಬಸುರಿ, ನಾಳೆ ದವಾಖಾನಿಗೆ ದಾಟಬೇಕು ಎಂದು ಬರೆಸಿದಳು. ಅವಳ ಹಿಂದೆ ಒಬ್ಬರಾದ ಮೇಲೆ ಒಬ್ಬರು. ಒಬ್ಬ ತನ್ನ ಎಮ್ಮೆಯ ಹೆಸರು ಬರೆದ. ಶಾಲೆಯ ಮಾಸ್ತರರು ಕಾರಣದ ಜಾಗ ತುಂಬಿ ಹೋಗುವಷ್ಟು ಬರೆದರು. ಒಬ್ಬಾಕೆ ಏನು ಬರೆಯಬೇಕು ಎಂದು ತಿಳಿಯದೆ, ಸುಮ್ಮನೆ, ಒಲ್ಲೆ ಅನ್ನಬೇಕು ಅನ್ನಿಸಿತು ಎಂದು ಬರೆದು ಮುಸಿಮುಸಿ ನಕ್ಕಳು. ಶನಿವಾರಕ್ಕೆ ಜನ ಪ್ರಶ್ನೆ ಬರುವುದನ್ನೇ ಕಾಯುತ್ತಾ ಸಾಲು ನಿಲ್ಲುವಂತಾಯಿತು. ಊಟಕ್ಕೆ ಕೂತಾಗ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ನಮ್ಮ ಕೈಮಾತಿನಲ್ಲಿ ಅದೇ ಒಲ್ಲೆ. ಊಟದ ಹೊತ್ತು ಬಿಟ್ಟು ಬೇರೆ ಯಾವುದಕ್ಕೂ ನಾವು ಅದನ್ನು ಬಳಸಿದ್ದಿಲ್ಲ. ಈಗ ಬಜಾರಿನಲ್ಲಿ ಎದುರಾದವರು ನನ್ನನ್ನು ಕಂಡರೆ ನಮಸ್ಕಾರದ ಬದಲು ಎರಡೂ ಅಂಗೈ ಕೆಳಗೆ ಮಾಡಿ ತೋರಿಸುತ್ತಿದ್ದರು.

ಭಾನುವಾರ ಸಾಹೇಬರು ಒಬ್ಬರೇ ಬಂದರು, ಜವಾನ ಇರಲಿಲ್ಲ. ಬೆಂಚಿನ ಮೇಲೆ ಕೂತು ಬಹಳ ಮೆತ್ತಗೆ ಮಾತಾಡಿದರು. "ನೋಡು ಕಾಶವ್ವ, ಹುಸೇನಬಿ ಕೆಲಸಾ ಹೋದ್ರ ಆಕಿ ಮರುದಿನಾನ ಈ ದಂಡಿಗೆ ಬರಬಹುದು. ಹತ್ತೊಂಬತ್ತು ವರ್ಷ ಆತು. ನೀವಿಬ್ರೂ ಕೂಡಿ ಕೂತು ಚಹಾ ಕುಡೀರಿ. ಇದರಾಗ ನಿಮಗ ಕೆಟ್ಟದ್ದೇನದ?"

ಅವರು ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟ. ಅವಳು ತೊಟ್ಟಿಲು ಇಳಿದು ಬರುವುದನ್ನು, ಬಾಯಿ ತೆರೆದು ಕಾಶೀ ಅನ್ನುವುದನ್ನು ನಾನು ಎಷ್ಟು ಸಲ ಕನಸು ಕಂಡಿಲ್ಲ? ಆ ದನಿ ದಪ್ಪಗಿದೆಯೋ ತೆಳ್ಳಗಿದೆಯೋ ಎಂದು ನನ್ನಷ್ಟಕ್ಕೆ ನಾನೇ ಎಷ್ಟು ಪಂಥ ಕಟ್ಟಿಲ್ಲ? ಆದರೆ ಬರುವವಳು ಹೇಗೆ ಬರುತ್ತಾಳೆ? ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ನಾನು ಇಷ್ಟು ವರ್ಷ ಮಾತಾಡಿದ್ದು ಆ ಕೈಗಳ ಜೊತೆ. ಅವನ್ನು ಆಚೆಯಲ್ಲೇ ಕಳಕೊಂಡು ಬಂದವಳ ದನಿ ಕೇಳಿ ನಾನೇನು ಮಾಡಲಿ? ಸಾಹೇಬರಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರ ಮುಂದೆ ಎರಡು ಅಂಗೈ ಕೆಳಗೆ ಮಾಡಿ ಹಿಡಿದೆ. ಅವರು ಎದ್ದು ಹೋಗಿ ತೊಟ್ಟಿಲು ಹತ್ತಿದರು. ನಮ್ಮ ಒಲ್ಲೆಯ ದೆಸೆಯಿಂದಲೇ ದಿನಾ ಸುರಕ್ಷಿತವಾಗಿ ಮನೆ ಮುಟ್ಟುತ್ತಿದ್ದಾರೆ ಎಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

ಸೋಮವಾರ ಸಂಜೆ ನಾಲ್ಕೂವರೆಗೆ ತೀರ್ಪಿನ ಕಾಗದ ಹಿಡಿದುಕೊಂಡು ಬಂದರು. ಹಗ್ಗದ ಮನೆಯ ಒಳಗೂ ಹೊರಗೂ ಜನ. ಆಚೆಯ ಕಟ್ಟೆಯಲ್ಲೂ ಜನ, ಮುಂದೆ ಹುಸೇನಬಿ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಸಾಹೇಬರು ಓದಿದರು. ಚಿತ್ರವೇ ಸಾಕ್ಷಿ, ಚಿತ್ರದಲ್ಲಿ ದೋಷವಿಲ್ಲ, ಆದ್ದರಿಂದ ಕೈಯಲ್ಲಿ ದೋಷ. ಕೆಳಗೆ ಸಹಿ ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಪ್ರಶ್ನೆ ಬಂತು. ಹಾಕಲೇ? ವಿರೂಪಣ್ಣ ಅಭ್ಯಾಸದಂತೆ ಕೋಲಿನ ಮೇಲೆ ಎದ್ದ. ನಾನು ಅವನ ಕೈ ಹಿಡಿದು ಕೂರಿಸಿದೆ.

"ಬ್ಯಾಡ ವಿರೂಪಣ್ಣ, ಹಾಕ್ಲಿ" ಅಂದೆ.

ಜನ ದಂಗಾದರು. ಸಾಹೇಬರ ಮುಖ ಅರಳಿತು. ಕೊನೆಗೂ ಬುದ್ಧಿ ಬಂತಲ್ಲ ಎಂದರು.

"ಹೌದ್ರಿ ಸಾಹೇಬ್ರ, ಬಂತು. ಚಿತ್ರದಾಗ ದೋಷ ಇಲ್ಲಂತ ನೀವ ಬರದೀರಿ. ಹೊಸಾದು ಕೂಡ್ಲಿ. ಐದರ ತೊಟ್ಟಿಲಿಗೆ ನೀವು ಮನಿಗೆ ಹೋಗ್ರಿ. ಆ ಕಡೆ ಇಳಿಯೂ ಮುಂದ ನಿಮ್ಮ ಒಂದ ಕಾಲು ಒಳಗ ಇರತೈತಿ, ಒಂದ ಕಾಲು ಹೊರಗ. ಹುಸೇನಬಿ ಕೈ ಎತ್ತತಾಳ. ನನಗ ಚಿತ್ರದಾಗ ಏನ ಕಾಣತೈತೋ ನಾ ಅದನ್ನ ಮಾಡ್ತೀನಿ. ನಿಯಮ ಹಂಗ ಐತೆಲ್ರಿ."

ನಾನು ಎರಡೂ ಕೈಯನ್ನು ಹಿಡಿಕೆಯ ಮೇಲಿಟ್ಟೆ. ಸಿಟ್ಟಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಮಾತು ಬೆದರಿಕೆಯಾಗಿರಲಿಲ್ಲ. ದಿನಾ ಆ ಜಾಗದಲ್ಲಿ ನಿಂತು ನಾನು ಮಾಡಬೇಕಾದ ಕೆಲಸವನ್ನೇ ಹೇಳಿದ್ದೆ. ಎಪ್ಪತ್ತು. ಅರವತ್ತು. ಸಾಹೇಬರು ಪರದೆ ನೋಡಿದರು, ವಿರೂಪಣ್ಣನ ಪ್ಲಾಸ್ಟರು ನೋಡಿದರು, ಕಿಟಕಿಯಾಚೆ ಮಂಜಿನೊಳಗೆ ಹೋಗಿ ಮಾಯವಾಗುವ ಹಗ್ಗವನ್ನು ನೋಡಿದರು. ಕಚೇರಿಯ ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದು ಏನೋ ಗೊಣಗಿದರು. ಕಚೇರಿಯ ಯಂತ್ರ ನಿಮ್ಮನ್ನು ಮನೆಗೆ ಮುಟ್ಟಿಸುವುದಿಲ್ಲ ಎಂದು ಹಿಂದಿನಿಂದ ನೀಲವ್ವ ಅಂದಳು. ಮೂವತ್ತು. ಇಪ್ಪತ್ತು. ಹಣೆಯ ಬೆವರನ್ನು ತೀರ್ಪಿನ ಕಾಗದದಿಂದಲೇ ಒರೆಸಿಕೊಂಡರು. ಒಂಬತ್ತಕ್ಕೆ ಬಂದಾಗ ಎರಡು ಹೆಜ್ಜೆಯಲ್ಲಿ ಮೇಜಿನ ಹತ್ತಿರ ಹೋಗಿ ಬಗ್ಗಿದರು. ಗುಂಡಿ ಹುಡುಕುವ ಕಷ್ಟವಿರಲಿಲ್ಲ. ಐದು ದಿನದಲ್ಲಿ ಊರಿನವರೆಲ್ಲ ಒತ್ತಿ ಒತ್ತಿ ಎನ್ ಅಕ್ಷರ ಎಂಟರಿನ ಹಾಗೇ ಸವೆದು ಹೊಳೆಯುತ್ತಿತ್ತು. ಒತ್ತಿದರು.

ಹೆಸರು? ಎಂದು ಯಂತ್ರ ಕೇಳಿತು. ಬರೆದರು. ಕಾರಣ? ಖಾಲಿ ಬಿಟ್ಟು ಎಂಟರ್ ಒತ್ತಿದರು. ಏ ಸಾಹೇಬ್ರ, ಖಾಲಿ ಬಿಟ್ಟರ ತಗೋಳೂದಿಲ್ರಿ ಅದು ಎಂದು ವಿರೂಪಣ್ಣ ಹೇಳಿದ. ಕೊನೆಗೆ ಬರೆದರು. ಯಂತ್ರದ ಪಟ್ಟಿಯಲ್ಲಿ ಅದು ಇವತ್ತಿಗೂ ಇದೆ, ನಮ್ಮ ಹಬೆ, ಹಿಮ್ಮಡಿ, ಎಮ್ಮೆಗಳ ಕೆಳಗೆ, ಅಧಿಕಾರಿಯ ಹೆಸರಿನ ಮುಂದೆ. "ನಾನು ದಾಟಬೇಕು."

ಅಧಿಕಾರಿಯೇ ಒಲ್ಲೆ ಅಂದ ಡ್ರೈವರು ತೋರಿಸಿದ ಚಿತ್ರ ಸಾಕ್ಷಿ ಆಗುವುದು ಹೇಗೆ ಎಂದು ನಾನು ಕೇಳಬೇಕೆಂದಿದ್ದೆ. ಕೇಳುವ ಅಗತ್ಯ ಬೀಳಲಿಲ್ಲ. ಅವರು ಒದ್ದೆಯಾದ ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು. ಆಚೆ ಹುಸೇನಬಿಗೆ ಏನೂ ಅರ್ಥವಾಗಿರಲಿಲ್ಲ, ಏನಾಯಿತು ಏನಾಯಿತು ಎಂದು ಕೈ ತಿರುಗಿಸುತ್ತಿದ್ದಳು. ನಾನು ಸಾಹೇಬರ ಕಡೆ ಬೆರಳು ಮಾಡಿ, ಆಮೇಲೆ ಎಲೆಗೆ ಅಡ್ಡ ಹಿಡಿದ ಹಾಗೆ ಎರಡೂ ಅಂಗೈ ಹಿಡಿದು ತೋರಿಸಿದೆ. ಅವಳು ನಂಬಲಿಲ್ಲ. ಇನ್ನೊಮ್ಮೆ ತೋರಿಸು ಎಂದಳು. ತೋರಿಸಿದೆ. ಅವಳ ಬಾಯಿ ಅಗಲವಾಗಿ ತೆರೆಯಿತು, ಭುಜ ಕುಣಿಯಿತು. ನಗುತ್ತಿದ್ದಳೋ ಅಳುತ್ತಿದ್ದಳೋ, ದನಿ ಕೇಳದೆ ನನಗೆ ತಿಳಿಯಲಿಲ್ಲ.

ಐದಕ್ಕೆ ಸಾಹೇಬರನ್ನು ಕಳಿಸಿದೆ. ಬದಲಿಯ ಅರ್ಜಿ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇದೆ, ಸುಮ್ಮನಿದ್ದರೆ ಈ ಸಲ ಹೂಂ ಎಂದೇ ತಿಳಿಯುತ್ತೇವೆ ಎಂದು ಹೇಳಿ ಹಿಡಿಕೆ ಎಳೆದೆ. ತೊಟ್ಟಿಲು ಮಂಜಿನೊಳಗೆ ಹೋಗಿ, ಪರದೆಯಲ್ಲಿ ಆಚೆಯ ಕಟ್ಟೆಗೆ ಬಂದು ನಿಂತಿತು. ಸಾಹೇಬರು ಒಂದು ಕಾಲು ಹೊರಗಿಟ್ಟರು. ಹುಸೇನಬಿ ಅಂಗೈ ಎತ್ತಿ ಆಚೆ ಈಚೆ ಆಡಿಸಿದಳು. ತಡಿ. ಅವರು ಇನ್ನೊಂದು ಕಾಲು ಎತ್ತಲು ಹೋದರು, ಅವಳು ಕಣ್ಣಿನಲ್ಲೇ ಗದರಿಸಿ ಅಲ್ಲೇ ನಿಲ್ಲಿಸಿದಳು. ಅರ್ಧ ಒಳಗೆ, ಅರ್ಧ ಹೊರಗೆ, ಮನುಷ್ಯ ಕಂಬಿ ಹಿಡಿದುಕೊಂಡು ನಿಂತರು. ಅವಳಿಗೆ ಅವಸರವಿರಲಿಲ್ಲ. ನನಗೂ ಇರಲಿಲ್ಲ. ಅವಳು ಕೈ ಆಡಿಸುತ್ತಲೇ ಇದ್ದಳು, ನಾನು ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನೋಡುತ್ತಲೇ ಇದ್ದೆ. ಅವಳ ಹಿಂದೆ ಗೂಡಿನಲ್ಲಿ ಲೋಟದಿಂದ ಹಬೆ ಏಳುತ್ತಿತ್ತು.